ಶಲ್ಯ ಬದಲಿಸದ ಮ್ಯಾನೇಜರ್

ಈ ಸಲವೂ ಶಿವಪುತ್ರಪ್ಪನವರು ಯಾರನ್ನೂ ಬದಲಿ ಮಾಡಲಿಲ್ಲ ಎಂಬ ಸುದ್ದಿ ಬಂದಾಗ ನನ್ನ ಕ್ಷೌರದ ಕತ್ತಿ ದ್ಯಾಮಣ್ಣನ ಗಂಟಲ ಮೇಲಿತ್ತು. ದ್ಯಾಮಣ್ಣ ಬ್ಯಾಂಡ್ ಸೆಟ್ಟಿನಲ್ಲಿ ಕಹಳೆ ಊದುವವನು, ಗಂಟಲೇ ಅವನಿಗೆ ಅನ್ನ ಹಾಕುವುದು. ಆದರೂ ಕತ್ತಿಯ ಪರಿವೆಯಿಲ್ಲದೆ ಕುರ್ಚಿಯಿಂದ ಧಡಕ್ಕನೆ ಎದ್ದ. ಪುಣ್ಯಕ್ಕೆ ನನ್ನ ಕೈ ಚುರುಕು. ಅರ್ಧ ಮುಖ ಬೋಳು, ಇನ್ನರ್ಧ ನೊರೆ, ಕೊರಳಿಗೆ ಬಿಳಿ ಬಟ್ಟೆ. ಹಾಗೆಯೇ ಬೀದಿಗೆ ಇಳಿದು, "ಯಾರನ್ನೂ ಇಲ್ಲ? ಒಬ್ಬನ್ನೂ ಇಲ್ಲ?" ಎಂದು ಕೂಗಿದ. ಎದುರಿನ ಅಂಗಡಿಯವರೆಲ್ಲ ಹೊರಗೆ ಬಂದರು. ಒಬ್ಬರ ಮುಖದಲ್ಲೂ ರಕ್ತವಿರಲಿಲ್ಲ.

ಗುಡ್ಡದಾಚೆ ಊರಿನ ಆಟ ನೋಡಿ ಬಂದು ಸುದ್ದಿ ತಂದವರು ಕಲ್ಲೂರ ಮಾಸ್ತರು. ಅವರು ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು, ಏನೂ ಆಗಿಲ್ಲವೆಂಬಂತೆ ಪೇಪರು ಬಿಡಿಸಿದರು. ನಮ್ಮ ಊರಿನಲ್ಲಿ ಶಿವಪುತ್ರಪ್ಪನವರ ಪರವಾಗಿ ಮಾತಾಡುವ ಗಂಡಸು ಎಂದರೆ ಅವರೊಬ್ಬರೇ.

ಶಿವಪುತ್ರಪ್ಪನವರು ನಮ್ಮ ಫುಟ್‌ಬಾಲ್ ತಂಡದ ಜನರಲ್ ಮ್ಯಾನೇಜರ್. ಬಿಳಿ ಪಂಚೆ, ಹೆಗಲ ಮೇಲೆ ಹಸಿರು ಅಂಚಿನ ಶಲ್ಯ. ಆಟ ಅರ್ಧವಾದಾಗ ಎರಡೂ ಊರಿನ ಮ್ಯಾನೇಜರುಗಳು ಮೈದಾನದ ಮಧ್ಯಗೆರೆಗೆ ನಡೆದು ಬರುತ್ತಾರೆ. ಇವನನ್ನು ಕೊಡು, ಅವನನ್ನು ತಗೋ ಎಂದು ಮಾತಾಡಿ, ಒಪ್ಪಿಗೆಯಾದರೆ ಶಲ್ಯ ಬದಲಾಯಿಸಿಕೊಳ್ಳುತ್ತಾರೆ. ಶಲ್ಯ ಬದಲಾಯಿತೆಂದರೆ ಆಟಗಾರ ಬದಲಾದ. ಬೇರೆ ಊರುಗಳ ಮ್ಯಾನೇಜರುಗಳ ಹೆಗಲ ಮೇಲೆ ತಿಂಗಳಿಗೊಂದು ಬಣ್ಣದ ಶಲ್ಯ. ನಮ್ಮವರ ಹೆಗಲ ಮೇಲೆ ಮಾತ್ರ ಅದೇ ಹಸಿರು ಅಂಚು. ಒಗೆದು ಒಗೆದು ಅಂಚಿನ ಹಸಿರೂ ಮಾಸಿಹೋಗಿತ್ತು.

ನಮ್ಮ ತಂಡದ ಸ್ಥಿತಿಯನ್ನು ಹೇಳದಿದ್ದರೆ ನಮ್ಮ ಸಿಟ್ಟು ನಿಮಗೆ ತಿಳಿಯುವುದಿಲ್ಲ. ಮುಂದಿನ ಸಾಲಿನಲ್ಲಿ ಬಾಳು ಅಂತ ಒಬ್ಬನಿದ್ದ. ಅವನು ಚೆಂಡು ಒದೆಯಲು ಬಂದರೆ ಎದುರಿನ ಗೋಲ್‌ಕೀಪರ್ ನಿರಾಳವಾಗಿ ಬೀಡಿ ಹಚ್ಚಬಹುದಿತ್ತು. ತೆರೆದ ಗೋಲು, ಮುಂದೆ ನರಪಿಳ್ಳೆಯಿಲ್ಲ, ಆದರೂ ಬಾಳು ಒದ್ದ ಚೆಂಡು ಹೋಗಿ ಕಡಲೆಕಾಯಿ ಮಾರುವವಳ ಬುಟ್ಟಿಗೆ ಬೀಳುತ್ತಿತ್ತು. ಗೆದ್ದ ತಂಡಕ್ಕೆ ಕೊಡುವ ಬೆಳ್ಳಿಯ ಕಪ್ಪು ಎಂಬುದನ್ನು ನಾವು ನೋಡಿದ್ದು ಬೇರೆಯವರ ಕೈಯಲ್ಲಿ.

"ಮುದುಕಗ ಧೈರ್ಯ ಇಲ್ಲ, ಅಷ್ಟ," ಎಂದ ದ್ಯಾಮಣ್ಣ, ಮತ್ತೆ ಕುರ್ಚಿಗೆ ಬಂದು ಕೂತು. "ಬಾಳೂನ್ನ ಕೊಟ್ಟು ಗುಡ್ಡದಾಚೆ ಊರಿನ ಆ ಎಡಗಾಲಿನ ಹುಡುಗನ್ನ ತಂದಿದ್ರ ಈ ವರ್ಷ ಕಪ್ಪು ನಮ್ದು. ಅವರೂ ಕೊಡಾಕ ತಯಾರಿದ್ರಂತ. ಇಂವ ಗೆರಿ ತನಕ ಹೋಗಿ, ನಮಸ್ಕಾರ ಮಾಡಿ, ನೀರು ಕುಡದು ತಿರಗಿ ಬಂದಾನ!"

"ಬಾಳು ಇನ್ನೂ ಸಣ್ಣಾಂವ," ಎಂದರು ಮಾಸ್ತರು. "ನಮ್ಮ ಹುಡುಗುರನ್ನ ನಾವ ಬೆಳಸಬೇಕು ಅನ್ನೂದು ಅವರ ಲೆಕ್ಕ."

"ಬೆಳಸಾಕ ಇದೇನು ಬದನಿಕಾಯಿ ಏನ್ರಿ ಮಾಸ್ತರ?" ಎಂದೆ ನಾನು. ಅಂಗಡಿ ತುಂಬ ನಗು. ನನ್ನ ಅಂಗಡಿಯಲ್ಲಿ ಕೊನೆಯ ಮಾತು ನನ್ನದೇ ಇರಬೇಕು, ಅದು ನನ್ನ ಚಟ.

ಮಾಸ್ತರು ಪೇಪರು ಮಡಚಿದರು. "ಒಮ್ಮೆ ಮಾಡಿದ್ರು ಅವರು ಬದಲಿ. ನೀವೆಲ್ಲಾ ಆಗ ಚಡ್ಡಿ ಹಾಕ್ಕೊಂಡು ತಿರಗತಿದ್ರಿ. ಮಾಡಿ, ಮತ್ತ ಮುಂದಿನ ಆಟದಾಗ ವಾಪಸ್ ಬದಲಿ ಮಾಡಿದ್ರು. ಆಮ್ಯಾಲಿಂದ ಶಲ್ಯ ಇಳಿಸಿಲ್ಲ."

"ಯಾಕ?"

"ಯಾಕಂತ ಯಾರೂ ಅವರನ್ನ ಕೇಳಲಿಲ್ಲ."

ನಾವೂ ಕೇಳಲಿಲ್ಲ. ನಮಗೆ ಬೇಕಾಗಿದ್ದು ಎಡಗಾಲಿನ ಹುಡುಗ.

ಬದಲಿ ಎಂದರೆ ಎಲ್ಲರಿಗೂ ಗೊತ್ತಿರುವುದೇ. ಬಂದವನು ಹೋದವನ ಮನೆಗೆ ಬರುತ್ತಾನೆ. ಹೋದವನ ತಟ್ಟೆಯಲ್ಲಿ ಉಣ್ಣುತ್ತಾನೆ, ಗೂಟಕ್ಕೆ ತೂಗಿದ ಅವನ ಅಂಗಿ ತೊಡುತ್ತಾನೆ, ಅವನ ಹೆಸರಿಗೆ ಓ ಅನ್ನುತ್ತಾನೆ. ಹೋದವನ ತಾಯಿ ಇವನ ತಾಯಿ. ಹಾಸಿಗೆಯ ಮಾತು ಮಾತ್ರ ಅವರವರ ಮನೆಗೆ ಬಿಟ್ಟದ್ದು, ಅದನ್ನು ಬೀದಿಯಲ್ಲಿ ಯಾರೂ ಆಡುವುದಿಲ್ಲ. ಹೋದವನ ಕಾಲು ಮತ್ತೆ ಹಳೆಯ ಮನೆಯ ಹಾದಿ ಹಿಡಿಯುವುದಿಲ್ಲ. ಎಲ್ಲ ಊರಿನಲ್ಲೂ ಹೀಗೇ ನಡೆದುಕೊಂಡು ಬಂದಿದೆ, ಎಲ್ಲ ಊರಿನವರೂ ಹೊಂದಿಕೊಂಡಿದ್ದಾರೆ. ನಮ್ಮ ಊರಿನಲ್ಲಿ ಮಾತ್ರ ಶಿವಪುತ್ರಪ್ಪನವರ ದೆಸೆಯಿಂದ ಅದು ಅಭ್ಯಾಸ ತಪ್ಪಿತ್ತು.

"ಆಟಗಾರರನ್ನ ಬದಲಿ ಮಾಡಂಗಿಲ್ಲಂದ್ರ ಬಿಡ್ರಿ," ಎಂದೆ ನಾನು, ದ್ಯಾಮಣ್ಣನ ಉಳಿದರ್ಧ ಗಡ್ಡಕ್ಕೆ ಕೈ ಹಾಕುತ್ತ. "ಮ್ಯಾನೇಜರನ್ನ ಬದಲಿ ಮಾಡೂಣು!"

ತಮಾಷೆಗೆ ಅಂದದ್ದು. ದ್ಯಾಮಣ್ಣ ಕನ್ನಡಿಯಲ್ಲಿ ನನ್ನನ್ನೇ ನೋಡಿದ. ಬೆಂಚಿನ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಂಜೆಯ ಹೊತ್ತಿಗೆ ಊರಿನ ಪ್ರತಿ ಕಟ್ಟೆಯ ಮೇಲೂ ಅದೇ ಮಾತು. ಹೆಂಡತಿ ನೀಲವ್ವ ಸಂತೆಯಿಂದ ಬಂದವಳೇ, "ಎಂಥಾ ಕೆಟ್ಟ ನಾಲಿಗಿ ನಿಂದು, ಹಾಲಪ್ಪ. ದಾಕ್ಷಾಯಣಮ್ಮಾರು ಏನು ಮಾಡ್ಯಾರ ನಿನಗ?" ಎಂದಳು. ದಾಕ್ಷಾಯಣಮ್ಮ ಶಿವಪುತ್ರಪ್ಪನವರ ಹೆಂಡತಿ. ಅವರ ನೆನಪೇ ನನಗೆ ಬಂದಿರಲಿಲ್ಲ, ಸತ್ಯವಾಗಿ.

ಮುಂದಿನ ಆಟ ಕೆರೆಯಾಚೆಯ ಊರಿನವರ ಜೊತೆ. ನಾನು ಎಂದಿನಂತೆ ಪಾರಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋದೆ. ಪಾರಿ ನನ್ನ ಮಗಳು, ಇನ್ನೂ ಹಾಲುಹಲ್ಲಿನವಳು. ಹೆಗಲ ಮೇಲೆ ಕೂತರೆ ನನ್ನ ಎರಡೂ ಕಿವಿ ಅವಳ ಕೈಯಲ್ಲಿ. ಎಡಕ್ಕೆ ನೋಡಬೇಕಾದರೆ ಎಡಗಿವಿ ತಿರುವುತ್ತಾಳೆ, ಬಲಕ್ಕಾದರೆ ಬಲಗಿವಿ. ಕಡಲೆಬೀಜದ ಕೆಂಪು ಸಿಪ್ಪೆ ಅವಳಿಗೆ ಆಗುವುದಿಲ್ಲ. ನಾನು ಅಂಗೈಯಲ್ಲಿ ಉಜ್ಜಿ, ಊದಿ, ಬೆಳ್ಳಗಿನ ಬೀಜ ಮೇಲಕ್ಕೆ ಕೊಡಬೇಕು. ಆಟದ ಬಗ್ಗೆ ನಾನು ಅವಳಿಗೆ ಕಲಿಸಿದ್ದು ಒಂದೇ ವಿದ್ಯೆ. ಎದುರು ಗ್ಯಾಲರಿಯವರನ್ನು ಕಂಡರೆ ತಲೆ ಬಲಕ್ಕೆ ವಾಲಿಸಿ ಉದ್ದಕ್ಕೆ ನಾಲಿಗೆ ಚಾಚಬೇಕು. ಅದನ್ನು ಅವಳು ಬಹಳ ಶ್ರದ್ಧೆಯಿಂದ ಮಾಡುತ್ತಿದ್ದಳು.

ಅರ್ಧ ಆಟಕ್ಕೆ ಸೀಟಿ ಬಿತ್ತು. ಶಿವಪುತ್ರಪ್ಪನವರು ಮಧ್ಯಗೆರೆಯತ್ತ ನಡೆದರು. ಆಗ ದ್ಯಾಮಣ್ಣ ಕಹಳೆ ಊದಿ, "ಮ್ಯಾನೇಜರ್ ಬದಲಿ! ಕೈ ಎತ್ರಿ!" ಎಂದು ಕೂಗಿದ. ಗ್ಯಾಲರಿಯ ಅರ್ಧಕ್ಕಿಂತ ಹೆಚ್ಚು ಕೈ ಮೇಲೆದ್ದರೆ ಮ್ಯಾನೇಜರ್ ಆ ಮಾತು ನಡೆಸಲೇಬೇಕು. ಕೈಗಳು ಎದ್ದವು. ನನ್ನದು ಮೊದಲು. ನನ್ನ ಕಿವಿ ಬಿಟ್ಟು ಪಾರಿಯೂ ಎರಡೂ ಕೈ ಎತ್ತಿದಳು. ಮಾಸ್ತರು ಮಾತ್ರ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತಿದ್ದರು.

ಶಿವಪುತ್ರಪ್ಪನವರು ಗ್ಯಾಲರಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು. ಅವರ ಕಣ್ಣು ಪಾರಿಯ ಮೇಲೆ ಕ್ಷಣ ನಿಂತಿತು, ಅವಳು ಎರಡು ಕೈ ಎತ್ತಿದ್ದನ್ನು ಕಂಡು ನಕ್ಕರು ಕೂಡ. ಆಮೇಲೆ ಶಲ್ಯ ಇಳಿಸಿ, ಒದರಿ, ಅಂಗಡಿಯವರು ಹೊಸ ಬಟ್ಟೆ ಮಡಚುವ ಹಾಗೆ ನಾಲ್ಕು ಮಡಿಕೆ ಮಾಡಿ, ಕೆರೆಯಾಚೆಯ ಮ್ಯಾನೇಜರಿನ ಕೈಗೆ ಕೊಟ್ಟರು. ಹೆಂಗಸರ ಸಾಲಿನಲ್ಲಿ ಬುತ್ತಿಯ ಡಬ್ಬಿ ಹಿಡಿದು ಕೂತಿದ್ದ ದಾಕ್ಷಾಯಣಮ್ಮ ಎದ್ದು ನಿಂತರು. ಕೈ ಎತ್ತಿದ ನಮಗೇ ನಾವು ಏನು ಮಾಡಿದೆವು ಎಂದು ಗಾಬರಿ. ಆಟ ಮುಗಿದ ಮೇಲೆ ಶಿವಪುತ್ರಪ್ಪನವರು ಕೆರೆಯಾಚೆಯ ಬಸ್ಸು ಹತ್ತಿದರು, ಅಲ್ಲಿಯ ಮ್ಯಾನೇಜರು ದಾಕ್ಷಾಯಣಮ್ಮನ ಹಿಂದೆ ನಮ್ಮ ಬೀದಿಗೆ ಬಂದರು.

ದಾಕ್ಷಾಯಣಮ್ಮ ಅವರ ಕಾಲಿಗೆ ನೀರು ಕೊಟ್ಟರಂತೆ, ಮಾತಾಡಲಿಲ್ಲವಂತೆ. ಆದರೆ ಅದೇ ವಾರ ಅವರ ಮನೆಯ ಕಿಟಕಿಯಿಂದ, "ಸಾರು ಹುಳಿ ಆತೇನ್ರಿ?" ಎಂಬ ಮಾತು ಬೀದಿಗೆ ಕೇಳಿಸಿತು. ಸದ್ಯ, ಹೊಂದಿಕೊಂಡರು ಎಂದು ನಾವು ಸಮಾಧಾನದ ಉಸಿರು ಬಿಟ್ಟೆವು.

ಹೊಸ ಶಿವಪುತ್ರಪ್ಪ ಕೈ ಕಟ್ಟಿ ಕೂರುವ ಜಾತಿಯವನಲ್ಲ. ಮೊದಲ ಆಟದಲ್ಲೇ ಬಾಳುವನ್ನು ಕೊಟ್ಟು ಎಡಗಾಲಿನ ಹುಡುಗನನ್ನು ತಂದ. ಅವನು ಕಾಲಿಟ್ಟದ್ದೇ ಗೋಲು. ನಾವು ಕುಣಿದದ್ದೇ ಕುಣಿದದ್ದು. ಆಮೇಲೆ ಗೋಲ್‌ಕೀಪರು ಹೋದ, ಹಿಂದಿನ ಸಾಲಿನ ಅಣ್ಣತಮ್ಮಂದಿರು ಹೋದರು, ಹೀಗೆ ನೋಡನೋಡುತ್ತ ಹನ್ನೊಂದೂ ಮನೆಯಲ್ಲಿ ಹೊಸ ಮುಖ. ಬಾಳುವಿನ ತಾಯಿ ನನ್ನ ಅಂಗಡಿಯ ಮುಂದೆ ಹಾದುಹೋಗುವಾಗ ನಿಂತು, "ಇವಂಗ ಎಡಗೈಯಾಗ ಉಣ್ಣೂ ರೂಢಿ ಹಾಲಪ್ಪ, ನೋಡಾಕ ಆಗವಲ್ದು. ಕಣ್ಣು ಮುಚ್ಚಿ ನೀಡತೀನಿ," ಎಂದಳು. ನಾನು, "ಗೋಲು ಹೊಡಿತಾನಲ್ಲವ್ವ," ಎಂದೆ. ಅವಳು ನನ್ನನ್ನು ನೋಡಿದ ನೋಟಕ್ಕೆ ಎರಡು ದಿನ ನನಗೆ ಊಟ ಸೇರಲಿಲ್ಲ. ಆದರೆ ಕಪ್ಪು ಬಂತು. ದ್ಯಾಮಣ್ಣ ಊರೆಲ್ಲ ಊದಿದ, ನಾನು ಒಂದು ಇಡೀ ಬೆಳಿಗ್ಗೆ ಪುಕ್ಕಟೆ ಗಡ್ಡ ಹೆರೆದೆ.

ಹೊಸ ಶಿವಪುತ್ರಪ್ಪ ಕ್ಷೌರಕ್ಕೆ ನನ್ನ ಹತ್ತಿರವೇ ಬರುತ್ತಿದ್ದ. ಒಂದು ದಿನ ಮುಖದ ತುಂಬ ನೊರೆ ಇಟ್ಟುಕೊಂಡೇ, "ತಂಡ ಸರಿ ಆತು. ಇನ್ನ ಗ್ಯಾಲರಿ ಸುಧಾರಿಸಬೇಕು ನೋಡು," ಎಂದ.

"ಸುಧಾರಿಸ್ರಿ, ಸುಧಾರಿಸ್ರಿ," ಎಂದೆ. "ನಮ್ಮೋರು ಬರೇ ಕಡ್ಲಿಕಾಯಿ ತಿನ್ನಾಕ ಬರ್ತಾರ."

"ಕೂಗಾಟ ಐತಿ, ತಾಳ ಇಲ್ಲ," ಎಂದ ಅವನು. ನಾನು ನಕ್ಕು, ಕತ್ತಿ ಒರೆಸಿದೆ.

ಮಳೆಗಾಲ ಕಳೆದು ಕೆರೆಯಾಚೆಯವರು ಮತ್ತೆ ನಮ್ಮ ಮೈದಾನಕ್ಕೆ ಬಂದರು. ಅವರ ಮ್ಯಾನೇಜರು ಈಗ ನಮ್ಮ ಹಳೆಯ ಶಿವಪುತ್ರಪ್ಪನವರು. ಅಲ್ಲೂ ಅವರು ಒಬ್ಬನನ್ನೂ ಬದಲಿ ಮಾಡಿರಲಿಲ್ಲ, ಅಲ್ಲಿಯ ಜನರೂ ಅವರನ್ನು ಬೈಯುತ್ತಿದ್ದರು ಎಂದು ಕೇಳಿ ನಾವು ನಕ್ಕಿದ್ದೆವು. ಅರ್ಧ ಆಟಕ್ಕೆ ಇಬ್ಬರೂ ಗೆರೆಗೆ ಬಂದರು. ನಮ್ಮವನು ಕೈ ಆಡಿಸಿ ಆಡಿಸಿ ಮಾತಾಡಿದ. ಶಿವಪುತ್ರಪ್ಪನವರು ತಲೆ ತಗ್ಗಿಸಿ ಕೇಳಿದರು. ಆಮೇಲೆ, ನಾನು ನನ್ನ ಕಣ್ಣನ್ನೇ ನಂಬಲಿಲ್ಲ, ಅವರ ಕೈ ಹೆಗಲಿಗೆ ಹೋಯಿತು. ಶಲ್ಯ ಇಳಿಯಿತು. ಬದಲಾಯಿತು.

"ಅಯ್ಯಯ್ಯೋ, ಮುದುಕ ಬದಲಿ ಮಾಡಿದ!" ಎಂದು ದ್ಯಾಮಣ್ಣ ನನ್ನ ತೋಳು ಹಿಡಿದು ಅಲ್ಲಾಡಿಸಿದ. "ಯಾರನ್ನ? ಯಾರನ್ನ?"

ಮೈಕು ಗೊರಗೊರ ಎಂದಿತು. "ಕ್ಷೌರದ ಹಾಲಪ್ಪ ಕೆರೆಯಾಚೆಗೆ. ಡೊಳ್ಳಿನ ಈರಣ್ಣ ಈಚೆಗೆ."

ನಾನೂ ಚಪ್ಪಾಳೆ ತಟ್ಟಿದೆ. ಎರಡು ಚಪ್ಪಾಳೆಯಾದ ಮೇಲೆ ಆ ಹೆಸರು ನನ್ನದು ಎಂದು ತಿಳಿಯಿತು. ದ್ಯಾಮಣ್ಣ ನನ್ನ ತೋಳಿನಿಂದ ಕೈ ತೆಗೆದ. ಸುತ್ತಲಿದ್ದವರು ಒಂದೊಂದು ಹೆಜ್ಜೆ ಹಿಂದೆ ಸರಿದರು. "ನಾನು ಆಟಗಾರ ಅಲ್ಲೋ!" ಎಂದು ಕೂಗಿದೆ. "ನಾನು ಬರೇ ನೋಡಾಂವ! ನಾನು ಗಡ್ಡ ಹೆರಿಯಾಂವ!" ಮ್ಯಾನೇಜರೂ ಆಟಗಾರನಲ್ಲ ಎಂದು ಯಾರೂ ಹೇಳಲಿಲ್ಲ, ಆದರೆ ಎಲ್ಲರ ಮುಖದಲ್ಲೂ ಅದೇ ಬರೆದಿತ್ತು.

ಎದುರು ಗ್ಯಾಲರಿಯಿಂದ ಒಬ್ಬ ದಪ್ಪ ಮೀಸೆಯ ಮನುಷ್ಯ ಡೊಳ್ಳು ಹೊತ್ತು ಮೈದಾನ ದಾಟಿ ಬಂದ. ಮೆಟ್ಟಿಲು ಹತ್ತಿ ನನ್ನ ಮುಂದೆ ನಿಂತ. ಅವನ ಮುಖವೂ ಬಿಳಚಿಕೊಂಡಿತ್ತು. ಡೊಳ್ಳನ್ನು ನನ್ನ ಕೊರಳಿಗೆ ಹಾಕಿ, ಎರಡೂ ಕೈ ಚಾಚಿದ. ಯಾಕೆ ಚಾಚಿದ ಎಂದು ನನಗೆ ತಿಳಿಯಲಿಲ್ಲ. ಆಮೇಲೆ ಹೆಗಲ ಮೇಲಿನ ಭಾರ ನೆನಪಾಯಿತು. ಪಾರಿ ನನ್ನ ಕಿವಿಗಳನ್ನು ಬಿಡಲಿಲ್ಲ. ನೀಲವ್ವ ಹೆಂಗಸರ ಸಾಲಿನಿಂದ ಓಡಿ ಬಂದು ಒಂದೊಂದೇ ಬೆರಳು ಬಿಡಿಸಿದಳು. ಆ ಹೊತ್ತಿಗೆ ಅವಳು ನನ್ನ ಮುಖ ನೋಡಲಿಲ್ಲ, ನಾನೂ ನೋಡಲಿಲ್ಲ. ನನ್ನ ಕಿವಿ ಆ ರಾತ್ರಿಯೆಲ್ಲ ಉರಿಯುತ್ತಿತ್ತು.

ಈರಣ್ಣನ ಮನೆಯಲ್ಲಿ ಅವನ ಅಕ್ಕ ತುಂಗವ್ವ ಒಬ್ಬಳೇ. ತಾಯಿಯಿಲ್ಲದ ತಮ್ಮನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು. ನಾನು ಹೊಸ್ತಿಲಲ್ಲಿ ನಿಂತಾಗ ಡೊಳ್ಳನ್ನು ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು, ಒಳಗೆ ಹೋಗಿ ಗೋಡೆಗೆ ತಲೆಯಿಟ್ಟು ಅತ್ತಳು. ಆಮೇಲೆ ತಟ್ಟೆ ಹಾಕಿದಳು. ನಾನೂ ಉಂಡೆ. ಬೆಳಗಾಗುತ್ತಲೇ ನಾನು ಕೆರೆಯ ಏರಿ ಹಿಡಿದು ನಮ್ಮ ಊರಿನತ್ತ ನಡೆದೆ. ನೇರ ದಾರಿ, ಕಣ್ಣಿಗೆ ಕಾಣುವ ದಾರಿ, ಆಚೆ ದಡದಲ್ಲಿ ನನ್ನ ಅಂಗಡಿಯ ಹೆಂಚೂ ಕಾಣುತ್ತಿತ್ತು. ಬಿಸಿಲೇರುವವರೆಗೆ ನಡೆದು ಒಂದು ಬಾಗಿಲ ಮುಂದೆ ನಿಂತು ನೋಡಿದರೆ ತುಂಗವ್ವ ಅಂಗಳ ಗುಡಿಸುತ್ತಿದ್ದಳು. ಮಾರನೆಯ ದಿನವೂ ಹಾಗೇ. ಕಾಲು ನನ್ನವೇ, ಮಾತು ಮಾತ್ರ ಕೇಳುತ್ತಿರಲಿಲ್ಲ.

ಆಮೇಲೆ ಶಿವಪುತ್ರಪ್ಪನವರ ಹತ್ತಿರ ಹೋದೆ. ಆ ಊರಿನವರು ಅವರನ್ನು ತಮ್ಮ ಹಳೆಯ ಮ್ಯಾನೇಜರಿನ ಹೆಸರಿನಿಂದ ಗದಿಗೆಪ್ಪ ಎಂದು ಕರೆಯುತ್ತಿದ್ದರು, ನನಗೆ ಆ ಹೆಸರು ಬಾಯಿಗೆ ಬರಲಿಲ್ಲ. ಬೇರೆ ಯಾರದೋ ಮನೆಯ ಜಗುಲಿಯ ಮೇಲೆ, ಬೇರೆ ಯಾರದೋ ಮೊಮ್ಮಗಳಿಗೆ ಅಕ್ಷರ ತಿದ್ದಿಸುತ್ತ ಕೂತಿದ್ದರು. ನಾನು ಮೆಟ್ಟಿಲ ಮೇಲೇ ಕುಸಿದು ಕೂತೆ.

"ನನ್ನ ಮ್ಯಾಲಿನ ಸಿಟ್ಟು ಹಿಂಗ ತೀರಿಸ್ಕೊಂಡ್ರೇನ್ರಿ?" ಎಂದು ಕೇಳಿದೆ. "ಹುಟ್ಟಿದಾಗಿಂದ ಯಾರನ್ನೂ ಬದಲಿ ಮಾಡಲಿಲ್ಲ, ನನ್ನ ಪಾಲಿಗೆ ಶಲ್ಯ ಇಳಿಸಿದ್ರಿ!"

ಅವರು ಹುಡುಗಿಯನ್ನು ಒಳಗೆ ಕಳಿಸಿದರು. "ನಿಮ್ಮ ಹೊಸಾ ಮ್ಯಾನೇಜರ್ ನಿನ್ನ ಗುಡ್ಡದಾಚೆ ಊರಿಗೆ ಕೊಡಾಂವಿದ್ದ, ಹಾಲಪ್ಪ. ಮಾತು ಮುಗದಿತ್ತು. ಅಲ್ಲಿಂದ ನಮ್ಮೂರಿಗೆ ಯಾವತ್ತೂ ಆಟಕ್ಕ ಬರಂಗಿಲ್ಲ ಅವರು, ಯಾವಾಗಲೂ ನಮ್ಮೋರ ಅಲ್ಲಿಗೆ ಹೋಗಬೇಕು, ಹೆಂಗಸರು ಮಕ್ಕಳು ಅಷ್ಟು ದೂರ ಹೋಗಂಗಿಲ್ಲ. ನಿನ್ನ ಮಗಳನ್ನ ನೀ ಮತ್ತ ಕಣ್ಣಿಂದ ನೋಡತಿದ್ದಿಲ್ಲ. ಅದಕ್ಕ ನಾನ ಕೇಳಿದೆ ನಿನ್ನ. ಈರಣ್ಣಗ ಮಕ್ಕಳು ಮರಿ ಇಲ್ಲ, ಅಷ್ಟ ವಿಚಾರ ಮಾಡಿದೆ. ತುಂಗವ್ವಗ ನಾ ಇನ್ನೂ ಮುಖ ತೋರಿಸಿಲ್ಲ."

ನಾನು ಮೊದಲು ಕೈ ಎತ್ತಿ ಓಡಿಸಿದ ಮನುಷ್ಯ ನನಗಾಗಿ ಶಲ್ಯ ಇಳಿಸಿದ್ದ. ನಾಚಿಕೆಯಾಯಿತು, ಆದರೆ ನಾಚಿಕೆಗಿಂತ ಆಸೆ ದೊಡ್ಡದು. "ಹಂಗಿದ್ರ ವಾಪಸ್ ಬದಲಿ ಮಾಡ್ರಿ," ಎಂದು ಅವರ ಕಾಲು ಹಿಡಿದೆ. "ಈರಣ್ಣನ್ನ ತುಂಗವ್ವಗ ಕೊಡ್ರಿ, ನನ್ನ ಪಾರಿಗ ಕೊಡ್ರಿ. ಎಲ್ಲಾರದೂ ಸರಿ ಆಕ್ಕೈತಿ."

"ಒಮ್ಮೆ ನಾನೂ ಹಂಗ ಅನಕೊಂಡಿದ್ದೆ," ಎಂದರು ಅವರು. "ಒಬ್ಬಾಕಿ ತಾಯಿ. ಮಗನ್ನ ಬದಲಿ ಮಾಡಿದೆ, ಅತ್ಲು. ಆಕಿ ಅಳೂದು ನೋಡಲಾರದ ಮುಂದಿನ ಆಟದಾಗ ಅವನ್ನ ತಿರಗಿ ತಂದೆ. ಖುಷಿ ಆಕ್ಕಾಳ ಅಂತ ಮನಿ ತನಕ ನಾನ ಕರಕೊಂಡು ಹ್ವಾದೆ. ಆಕಿ ಆಗಷ್ಟ ತಿರಗಿ ಹೋದ ಬದಲಿ ಹುಡುಗನ ಅಂಗಿಗೆ ಗುಂಡಿ ಹಚ್ಚಾಕತ್ತಿದ್ಲು. ಹೊಟ್ಟ್ಯಾಗಿಂದ ಹುಟ್ಟಿದ ಮಗನ್ನ ನೋಡಿ, 'ಅಂವ ಉಂಡು ಹೋದ್ನೋ ಇಲ್ಲೋ?' ಅಂದ್ಲು. ಮತ್ತ ಎರಡನೇ ಸಲ ಅತ್ಲು. ಮಗ ಬಾಗಲದಾಗ ನಿಂತು ನೋಡಿದ. ಆಮ್ಯಾಲೆ ಆ ಮನ್ಯಾಗ ಯಾರೂ ಯಾರ ಮುಖಾನೂ ಸರಿಯಾಗಿ ನೋಡಲಿಲ್ಲ."

ನಾನು ಅವರ ಕಾಲು ಬಿಡಲಿಲ್ಲ. ಅವರು ನನ್ನ ಕೈ ಬಿಡಿಸಿ, "ಬ್ಯಾಸಿಗ್ಯಾಗ ನಮ್ಮ ಹಳೇ ಊರಾಗ ಆಟ ಐತಿ. ನೀನೂ ಬರ್ತಿ. ಅರ್ಧ ಆಟಕ್ಕ ನಾ ಗೆರಿಗೆ ಹೋಗಿ ನಿನ್ನ ಕಡೆ ನೋಡತೀನಿ. ನೀ ಕೈ ಎತ್ತಿದ್ರ ಬದಲಿ ಕೇಳತೀನಿ. ಹೊಸಾ ಶಿವಪುತ್ರಪ್ಪ ಒಲ್ಲೆ ಅನ್ನಂಗಿಲ್ಲ, ಅಂವಗ ಶಲ್ಯ ಬದಲಾದ್ರ ಸಾಕು," ಎಂದರು. "ಆದ್ರ ಮದಲ ಕಣ್ತುಂಬ ನೋಡು. ನೋಡಿ ಆಮ್ಯಾಲೆ ಕೈ ಎತ್ತು."

ನೋಡುವುದೇನು, ಎತ್ತುವುದೇ ಎಂದುಕೊಂಡು ಬಂದೆ. ಬೇಸಿಗೆಯವರೆಗೆ ನಾನು ಡೊಳ್ಳು ಬಾರಿಸಲು ಕಲಿತೆ, ಕಲಿತೆ ಎನ್ನುವುದು ದೊಡ್ಡ ಮಾತು, ಬಡಿದೆ. ತುಂಗವ್ವ ಮೊದಮೊದಲು ನನ್ನ ಜೊತೆ ಮಾತೇ ಆಡುತ್ತಿರಲಿಲ್ಲ. ಒಂದು ದಿನ ಒದ್ದೆ ಟವೆಲ್ಲನ್ನು ಹಾಸಿಗೆಯ ಮೇಲೆ ಎಸೆದಿದ್ದಕ್ಕೆ, "ನಿನಗ ಎಷ್ಟು ಸಲ ಹೇಳಬೇಕೋ ಈರ್ಯಾ!" ಎಂದು ಬೈದಳು. ಬೈದವಳು ತಾನೇ ಬೆಚ್ಚಿ ಬಾಯಿಗೆ ಸೆರಗು ಹಿಡಿದಳು. ನಾನೂ ಬೆಚ್ಚಿದೆ. ನಾನು ಆಗಲೇ ಎದ್ದು ಟವೆಲ್ ಒಣಹಾಕಲು ಹೊರಟಿದ್ದೆ.

ಬೇಸಿಗೆ ಬಂತು. ಬಸ್ಸು ನಮ್ಮ ಮೈದಾನದ ಮುಂದೆ ನಿಂತಿತು. ನನ್ನ ಕಾಲುಗಳು ತಾವಾಗಿ ಎದುರು ಗ್ಯಾಲರಿಯ ಮೆಟ್ಟಿಲು ಹತ್ತಿದವು. ಕುಳಿತು, ಆಚೆಯ ಗ್ಯಾಲರಿಯನ್ನು ಸಾಲುಸಾಲಾಗಿ ಹುಡುಕಿದೆ. ದ್ಯಾಮಣ್ಣ ಸಿಕ್ಕ. ನನ್ನ ಕತ್ತಿ ಹಿಡಿದ ಈರಣ್ಣನ ಕೈಗೆ ಸಿಕ್ಕಿ ನಮ್ಮ ಊರಿನ ಗಂಡಸರ ಗಲ್ಲವೆಲ್ಲ ಗಾಯಕ್ಕೆ ಅಂಟಿಸಿದ ಹತ್ತಿಯ ತುಣುಕುಗಳಿಂದ ತುಂಬಿದೆ ಎಂದು ಚಳಿಗಾಲದಲ್ಲಿ ಯಾರೋ ಹೇಳಿದ್ದರು, ಕೇಳಿ ನನಗೆ ಒಳಗೊಳಗೇ ಹಿಗ್ಗಾಗಿತ್ತು. ಈಗ ನೋಡಿದರೆ ದ್ಯಾಮಣ್ಣನ ಗಲ್ಲ ನುಣ್ಣಗಿತ್ತು. ಅವನ ಪಕ್ಕದಲ್ಲಿ ದಪ್ಪ ಮೀಸೆ. ಮೀಸೆಯ ಮೇಲೆ, ಎರಡೂ ಕಿವಿ ಹಿಡಿದುಕೊಂಡು, ಪಾರಿ.

ಒಂದು ಹಲ್ಲು ಬಿದ್ದಿತ್ತು ಅವಳದು. ಅದು ಬಿದ್ದಾಗ ನಾನು ಇರಲಿಲ್ಲ ಎಂಬುದು ಎದೆಗೆ ಚೂರಿಯ ಹಾಗೆ ಹೊಕ್ಕಿತು. ಈರಣ್ಣ ಕಡಲೆಬೀಜವನ್ನು ಅಂಗೈಯಲ್ಲಿ ಉಜ್ಜಿದ, ಊದಿದ, ಕೆಂಪು ಸಿಪ್ಪೆ ಹಾರಿದ ಮೇಲೆ ಬೆಳ್ಳಗಿನ ಬೀಜ ಮೇಲಕ್ಕೆ ಕೊಟ್ಟ. ಯಾರು ಹೇಳಿಕೊಟ್ಟರು ಅವನಿಗೆ? ನೀಲವ್ವನೋ, ಇಲ್ಲ ಉಗುಳಿ ಉಗುಳಿ ಪಾರಿಯೇ ಕಲಿಸಿದಳೋ? ಅವಳು ಎಡಗಿವಿ ತಿರುವಿದಳು, ಅವನು ಎಡಕ್ಕೆ ತಿರುಗಿದ. ಬಲಗಿವಿ ತಿರುವಿದಳು, ಬಲಕ್ಕೆ ತಿರುಗಿದ. ನೀಲವ್ವ ಹೆಂಗಸರ ಸಾಲಿನಿಂದ ಅವರಿಬ್ಬರತ್ತ ಏನೋ ಕೂಗಿ ಹೇಳಿದಳು. ಈರಣ್ಣ ಕೇಳಿಸಿಕೊಂಡು ಟೋಪಿ ತೆಗೆದು ಪಾರಿಯ ತಲೆಗೆ ಹಾಕಿದ. ಬಿಸಿಲು ಜೋರಿತ್ತು.

ಅರ್ಧ ಆಟಕ್ಕೆ ಸೀಟಿ ಬಿತ್ತು. ಶಿವಪುತ್ರಪ್ಪನವರು ಮಧ್ಯಗೆರೆಗೆ ಹೋಗಿ ನಿಂತರು. ಒಂದು ಕೈ ಹೆಗಲ ಮೇಲಿನ ಶಲ್ಯದ ಮೇಲೆ. ತಲೆಯೆತ್ತಿ ನನ್ನತ್ತ ನೋಡಿದರು. ಹೊಸ ಶಿವಪುತ್ರಪ್ಪ ಆಗಲೇ ತನ್ನ ಶಲ್ಯ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದ.

ಅದೇ ಗಳಿಗೆಗೆ ಪಾರಿ ಎರಡೂ ಕಿವಿ ಹಿಡಿದು ಈರಣ್ಣನನ್ನು ನೇರ ನಮ್ಮ ಗ್ಯಾಲರಿಗೆ ತಿರುಗಿಸಿದಳು. ಅವಳ ಕಣ್ಣು ಸಾಲುಸಾಲಾಗಿ ಬಂದು ನನ್ನ ಮೇಲೆ ನಿಂತಿತು. ಗುರುತು ಹಿಡಿದಳು ಎಂದುಕೊಂಡೆ. ಅವಳು ತಲೆಯನ್ನು ಬಲಕ್ಕೆ ವಾಲಿಸಿ, ಬಿದ್ದ ಹಲ್ಲಿನ ಸಂದಿನಿಂದ, ಉದ್ದಕ್ಕೆ ನಾಲಿಗೆ ಚಾಚಿದಳು.

ಗುರುತು ಹಿಡಿದು ಚಾಚಿದಳೋ, ಎದುರು ಗ್ಯಾಲರಿಯ ಯಾವನೋ ಡೊಳ್ಳಿನವನಿಗೆ ಚಾಚಿದಳೋ, ಇವತ್ತಿಗೂ ನನಗೆ ಗೊತ್ತಿಲ್ಲ. ನಾನು ಕಲಿಸಿದ ಹಾಗೆಯೇ ಇತ್ತು, ಒಂದಿಷ್ಟೂ ತಪ್ಪಿಲ್ಲ. ಈರಣ್ಣ ನಕ್ಕು, ಬೀಳದಂತೆ ಅವಳ ಪಾದಗಳನ್ನು ಎದೆಗೊತ್ತಿ ಹಿಡಿದ. ಅವಳ ಬೆರಳುಗಳು ಅವನ ಕಿವಿಯ ಸುತ್ತ ಬಿಗಿಯಾಗಿದ್ದವು. ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸುವುದು ಹೇಗಿರುತ್ತದೆ ಎಂದು ನನಗೆ ಗೊತ್ತಿತ್ತು.

ಗೆರೆಯ ಮೇಲೆ ಶಿವಪುತ್ರಪ್ಪನವರು ಕಾದರು. ನನ್ನ ಕೈ ಡೊಳ್ಳಿನ ಮೇಲಿತ್ತು. ಎತ್ತು, ಎತ್ತು ಎಂದು ನನ್ನ ಮೈಯೆಲ್ಲ ಕೂಗುತ್ತಿತ್ತು. ಕೈ ಏಳಲಿಲ್ಲ. ಅವರು ಇನ್ನೂ ಒಂದಿಷ್ಟು ಹೊತ್ತು ನೋಡಿದರು. ಆಮೇಲೆ ಶಲ್ಯದಿಂದ ಮುಖ ಒರೆಸಿಕೊಂಡು, ಹೊಸ ಶಿವಪುತ್ರಪ್ಪನಿಗೆ ನಮಸ್ಕಾರ ಮಾಡಿ, ನೀರು ಕುಡಿದು ತಿರುಗಿ ಹೊರಟರು.

"ನೋಡಿದ್ಯಾ ಈರಣ್ಣ?" ಎಂದು ನನ್ನ ಪಕ್ಕದಲ್ಲಿದ್ದವನು ಸಿಟ್ಟಿನಿಂದ ಕೂಗಿದ. "ಈ ಸಲನೂ ಒಬ್ಬ ಆಟಗಾರನ್ನೂ ಇಲ್ಲ! ಈ ಮುದುಕಗ ಏನು ಬ್ಯಾನಿ ಅಂತೀನಿ? ಒಬ್ಬನ್ನರ ಬದಲಿ ಮಾಡಾಕ ಏನು ಧಾಡಿ?"

ಎಲ್ಲರೂ ನನ್ನತ್ತ ನೋಡಿದರು. ಆಚೆ ಪಾರಿ ಇನ್ನೂ ನಾಲಿಗೆ ಒಳಗೆ ಎಳೆದುಕೊಂಡಿರಲಿಲ್ಲ, ಉತ್ತರಕ್ಕೆ ಕಾಯುತ್ತಿದ್ದಳು. ನಾನು ತಲೆಯನ್ನು ಬಲಕ್ಕೆ ವಾಲಿಸಿ, ಎಷ್ಟು ಉದ್ದ ಬಂದೀತೋ ಅಷ್ಟೂ ನಾಲಿಗೆ ಚಾಚಿದೆ. ಪಾರಿ ನಕ್ಕಳು.